ಮಲ್ಪೆಯ ಮಕ್ಕಳ ಕೈಗೆ ವೆನಿಸ್ಸಿನ ನಾಟಕ

ಕಳೆದ ವರ್ಷ ಜೂನ್ ತಿಂಗಳ ಮೊದಲ ವಾರ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಜೂನ್, ಜುಲೈ ಎರಡು ತಿಂಗಳು, ಲೆಕ್ಕ ಹಾಕಿದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನನ್ನ ಒಂಬತ್ತನೇ ತರಗತಿಯ ಅರ್ಧದಷ್ಟು ಮಕ್ಕಳ ಅಪ್ಪಂದಿರು ಆ ದಿನಗಳಲ್ಲಿ ಮನೆಯಲ್ಲೇ ಇರುತ್ತಾರೆ. ಬಲೆ ಸರಿ ಮಾಡುತ್ತಾರೆ, ಸಾಲದ ಲೆಕ್ಕ ನೋಡುತ್ತಾರೆ.

ನಮ್ಮದು ಕನ್ನಡ ಮಾಧ್ಯಮದ ಶಾಲೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಇವರಿಗೆ ಮೂರನೆಯ ಭಾಷೆ, ಕೆಲವರಿಗೆ ನಾಲ್ಕನೆಯದು. ನಾನು ಅವರಿಗೆ ಇಂಗ್ಲಿಷ್ ಕಲಿಸುವ ಟೀಚರ್.

ಒಂದು ಮಧ್ಯಾಹ್ನ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅಕ್ಕನ ಹಳೆಯ ಗೈಡಿನಲ್ಲಿ ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಕೋರ್ಟಿನ ದೃಶ್ಯ ಓದಿದ್ದಳಂತೆ. "ಟೀಚರ್, ಪೌಂಡ್ ಅಂದರೆ ದುಡ್ಡಲ್ವಾ? ಒಂದು ಪೌಂಡ್ ಮಾಂಸ ಅಂದರೆ ಎಂತದು?" ಎಂದು ಕೇಳಿದಳು. ಪೌಂಡ್ ಎಂದರೆ ತೂಕವೂ ಹೌದು, ಸುಮಾರು 454 ಗ್ರಾಂ ಎಂದೆ. ಅವಳು ಹೋಗಲಿಲ್ಲ. "ಹಾಗಾದರೆ ಸಾಲಕ್ಕೆ ಅಡವು ಇಟ್ಟದ್ದು ಮೈಯ ಮಾಂಸವನ್ನಾ? ಅದಕ್ಕೆ ಅವನು ಯಾಕೆ ಒಪ್ಪಿದ?"

ಅದಕ್ಕೆ ಉತ್ತರ ಹೇಳಬೇಕಾದರೆ ಇಡೀ ನಾಟಕವನ್ನೇ ಅವಳ ಕೈಗೆ ಕೊಡಬೇಕು. ನಮ್ಮ ಲೈಬ್ರರಿ ಕಪಾಟಿನಲ್ಲಿ ಎರಡು ಪ್ರತಿ ಇದ್ದವು. ಒಂದು ಪೂರ್ತಿ ಮೂಲ, 5 ಅಂಕ, 20 ದೃಶ್ಯ, ಇಪ್ಪತ್ತು ಸಾವಿರಕ್ಕೂ ಜಾಸ್ತಿ ಪದ. ಇನ್ನೊಂದು ತೆಳ್ಳಗಿನ ಸರಳ ಕಥೆ. ಮೊದಲನೆಯದನ್ನು ಅವಳು ಎರಡು ಪುಟಕ್ಕೆ ಬಿಟ್ಟಳು. ಎರಡನೆಯದನ್ನು ಅರ್ಧ ಗಂಟೆಯಲ್ಲಿ ಮುಗಿಸಿ ವಾಪಸು ತಂದಳು. "ಗೊತ್ತಾಯ್ತಾ?" ಎಂದೆ. "ಗೊತ್ತಾಯ್ತು ಟೀಚರ್. ಅವ ಕೆಟ್ಟವ. ಸೋತ" ಎಂದಳು. ಅವಳ ಪ್ರಶ್ನೆ ಎಲ್ಲಿ ಹೋಯಿತು? ಆ ರಾತ್ರಿ ನಾನೇ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ.

ಮೊದಲ ಪ್ರಯತ್ನ ನಾಲ್ಕೇ ದಿನದಲ್ಲಿ ಮುಗಿಯಿತು. ನಾಟಕವನ್ನು ಕಥೆಯಾಗಿ ಬರೆದೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ವೆನಿಸ್‌ನಲ್ಲಿ ಆಂಟೋನಿಯೊ ಎಂಬ ವ್ಯಾಪಾರಿ ಇದ್ದ. ಗೆಳೆಯ ಬಸ್ಸಾನಿಯೊಗಾಗಿ ಸಾಲ ಮಾಡಿದ. ಹೀಗೆ. ಮಕ್ಕಳು ಓದಿದರು, ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಬರೆದರು. ಮರುದಿನ ಯಾರ ಬಾಯಲ್ಲೂ ಅದರ ಒಂದು ಮಾತು ಇರಲಿಲ್ಲ.

ಈ ದಾರಿ ಹಳೆಯದು. ಚಾರ್ಲ್ಸ್ ಲ್ಯಾಂಬ್ ಮತ್ತು ಅವರ ಅಕ್ಕ ಮೇರಿ ಲ್ಯಾಂಬ್ 1807ರಲ್ಲೇ ಶೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆ ಮಾಡಿದರು. ದುರಂತ ನಾಟಕಗಳನ್ನು ತಮ್ಮ, ಹರ್ಷ ನಾಟಕಗಳನ್ನು ಅಕ್ಕ. ಅಂದರೆ ಪುಸ್ತಕದ ಹೆಚ್ಚಿನ ಭಾಗ ಅಕ್ಕನದು. ಆದರೂ ಮೊದಲ ಮುದ್ರಣದಲ್ಲಿ ಇದ್ದದ್ದು ತಮ್ಮನ ಹೆಸರು ಮಾತ್ರ. ಇದನ್ನು ಹೇಳಿದಾಗ ನನ್ನ ಹುಡುಗಿಯರು ಮುಖ ಮುಖ ನೋಡಿಕೊಂಡರು. ಆ ಪುಸ್ತಕದ ಬಗ್ಗೆ ನನಗೆ ಗೌರವ ಇದೆ, ಎಷ್ಟೋ ತಲೆಮಾರಿನ ಮಕ್ಕಳು ಅದರಿಂದಲೇ ಶೇಕ್ಸ್‌ಪಿಯರನ ಹತ್ತಿರ ಬಂದರು. ಆದರೆ ಅಲ್ಲಿ ಸಾಲ ಕೊಡುವ ಶೈಲಾಕ್ ಬಂದ ಎರಡನೇ ವಾಕ್ಯದಲ್ಲೇ ಅವನು ಕಲ್ಲೆದೆಯವನು ಎಂದು ಹೇಳಿಬಿಡುತ್ತಾರೆ. ಅವನು ಬಾಯಿ ತೆರೆಯುವ ಮೊದಲೇ ತೀರ್ಪು ಬಂತು. ನಾನೂ ಗೊತ್ತಿಲ್ಲದೆ ಹಾಗೆಯೇ ಬರೆದಿದ್ದೆ.

ಎರಡನೇ ಸಲ ಕಥೆ ಬೇಡ, ಮಾತುಗಳನ್ನೇ ಇಡೋಣ ಎಂದು ಹೊರಟೆ. ಎಲ್ಲ ಮಾತನ್ನೂ ಈಗಿನ ಸುಲಭ ಇಂಗ್ಲಿಷ್‌ಗೆ ತಿರುಗಿಸುವುದು. ಇದಕ್ಕೆ ಒಂದು ಅಳತೆ ಬೇಕಲ್ವಾ? ಇಂಗ್ಲಿಷ್ ಕಲಿಯುವವರಿಗೆ ಅಳೆದ ಪದಗಳಲ್ಲಿ ಪುಸ್ತಕ ಬರೆಯುವ ಕೆಲಸದಲ್ಲಿ ಮೊದಲಿಗರು ಮೈಕೆಲ್ ವೆಸ್ಟ್. ಅವರು ಅದನ್ನು ಮಾಡಿದ್ದು ಇಂಗ್ಲೆಂಡಿನಲ್ಲಲ್ಲ, ಢಾಕಾದಲ್ಲಿ, 1920ರ ದಶಕದಲ್ಲಿ, ಬಂಗಾಳಿ ಮಕ್ಕಳಿಗಾಗಿ. ಮುಂದೆ 1953ರಲ್ಲಿ ಸುಮಾರು 2,000 ಪದಗಳ ಪಟ್ಟಿಯನ್ನೂ ತಂದರು. ಓದುವಿಕೆಯನ್ನು ಅಭ್ಯಾಸ ಮಾಡಿದವರು ಇನ್ನೊಂದು ಮಾತು ಹೇಳುತ್ತಾರೆ. ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಬೇಕಾದರೆ ನೂರರಲ್ಲಿ 98 ಪದ ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದೇ ಹೊಸ ಪದ. ನಾನು ಪೆನ್ಸಿಲ್ ಹಿಡಿದು ಪ್ರತಿ ಪುಟದಲ್ಲೂ ಎಣಿಸಿದೆ.

ಎಣಿಸುತ್ತಾ ಹೋದಾಗ ಒಂದು ವಿಷಯ ಸಿಕ್ಕಿತು. ಇಂಗ್ಲಿಷ್ ಮನೆಮಾತಾದವರು ಯಾವುದನ್ನು ಸುಲಭ ಅನ್ನುತ್ತಾರೋ ಅದು ನಮ್ಮ ಮಕ್ಕಳಿಗೆ ಸುಲಭ ಅಲ್ಲ. ‘ಪುಟ್ ಅಪ್ ವಿತ್’ ನೋಡಿ. ಮೂರೂ ಚಿಕ್ಕ ಪದಗಳು, ಮೂರೂ ಒಂದನೇ ತರಗತಿಯವು. ಸೇರಿಸಿದರೆ ಸಹಿಸಿಕೊಳ್ಳುವುದು ಎಂದು ಅರ್ಥ. ನನ್ನ ಮಕ್ಕಳು ಏನನ್ನೋ ಮೇಲೆ ಇಡುವುದು ಎಂದುಕೊಂಡರು. ಅದೇ ‘ಟಾಲರೇಟ್’ ಎಂದರೆ ಒಂದು ಸಲ ಹೇಳಿದರೆ ಸಾಕು, ಅದು ಬೇರೆ ವೇಷ ಹಾಕುವುದಿಲ್ಲ. ಸರಳ ಪುಸ್ತಕಗಳಲ್ಲಿ ಇಂಥ ಜೋಡಿ ಕ್ರಿಯಾಪದಗಳೇ ಜಾಸ್ತಿ. ನಮ್ಮ ಮಕ್ಕಳು ಎಡವುವುದು ಅಲ್ಲೇ. ಅವನ್ನೆಲ್ಲ ಹುಡುಕಿ ಹುಡುಕಿ ತೆಗೆದೆ.

ಅಷ್ಟೆಲ್ಲ ಮಾಡಿಯೂ ಎರಡನೆಯದು ನಿಲ್ಲಲಿಲ್ಲ. ಓದಲು ಬರುತ್ತಿತ್ತು, ಅರ್ಥವೂ ಆಗುತ್ತಿತ್ತು. ಆದರೆ ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರು. ಶೈಲಾಕ್‌ಗೂ ಆಂಟೋನಿಯೊಗೂ ಬಸ್ಸಾನಿಯೊ ಮದುವೆಯಾಗುವ ಪೋರ್ಶಿಯಾಗೂ ಒಂದೇ ಬಾಯಿ, ನನ್ನ ಬಾಯಿ. ನೋಟ್‌ಬುಕ್ ಮುಚ್ಚಿಟ್ಟೆ.

ನಮ್ಮ ಕಡೆ ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರು ಬದುರು ಕೂತು ಮಾತಿನಲ್ಲೇ ಪ್ರಸಂಗ ನಡೆಸುತ್ತಾರೆ. ಜುಲೈಯಲ್ಲಿ ಮನೆ ಹತ್ತಿರದ ದೇವಸ್ಥಾನದಲ್ಲಿ ವಾಲಿಮೋಕ್ಷ ಇತ್ತು, ಹೋದೆ. ಹೊರಗೆ ಮಳೆ ಎಷ್ಟು ಜೋರಿತ್ತೆಂದರೆ ಮದ್ದಳೆಯ ಸದ್ದೇ ಮುಳುಗುತ್ತಿತ್ತು.

ವಾಲಿಯ ಅರ್ಥ ಹೇಳುವವರು ಪ್ರಶ್ನೆ ಶುರು ಮಾಡಿದರು. ನನಗೂ ನಿನಗೂ ಏನು ಹಗೆ ರಾಮ? ನಾನು ನಿನ್ನ ಊರಿಗೆ ಬಂದಿದ್ದೆನೇ? ಮರದ ಮರೆಯಲ್ಲಿ ನಿಂತು ಬಾಣ ಬಿಡುವುದು ಯಾವ ಕ್ಷತ್ರಿಯನ ಧರ್ಮ? ಒಂದೊಂದು ಪ್ರಶ್ನೆಗೂ ಸಭೆ ಅಲ್ಲಾಡುತ್ತಿತ್ತು. ರಾಮ ದೇವರು, ಎಲ್ಲರಿಗೂ ಗೊತ್ತು. ಕೈ ಮುಗಿದುಕೊಂಡೇ ಬಂದವರು. ಆದರೆ ತಾಳಮದ್ದಳೆಯಲ್ಲಿ ದೇವರಾದರೂ ಉತ್ತರ ಕೊಟ್ಟೇ ಗೆಲ್ಲಬೇಕು. ಸಾಯುವವನಿಗೆ ತನ್ನ ಮಾತು ಪೂರ್ತಿ ಹೇಳುವ ಹಕ್ಕಿದೆ. ಪುಸ್ತಕದಲ್ಲಿ ಇರುವುದು ಬರೇ ಪದ್ಯ, ಈ ವಾದವೆಲ್ಲ ಅರ್ಥಧಾರಿಗಳ ಸ್ವಂತದ್ದು. ನನ್ನ ಶೈಲಾಕ್ ನೆನಪಾದ. ಅವನಿಗೆ ನಾನು ಎಷ್ಟು ಮಾತು ಕೊಟ್ಟಿದ್ದೇನೆ?

ಮುಗಿದ ಮೇಲೆ ಚಹಾ ಕುಡಿಯುವಾಗ ಭಾಗವತರ ಹತ್ತಿರ ಹೋದೆ. ಹಿರಿಯರು, ನಮ್ಮ ಮನೆಗೆ ಹತ್ತಿರದವರು. "ಭಾಗವತರೇ, ಇಡೀ ರಾತ್ರಿಯ ಪ್ರಸಂಗವನ್ನು ಈಗ ಕಾಲಮಿತಿ ಅಂತ ಮೂರು ಗಂಟೆಗೆ ತರುತ್ತೀರಲ್ಲ, ಯಾವುದನ್ನು ಬಿಡುತ್ತೀರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಪದ್ಯ ಬಿಡ್ಲಿಕ್ಕೆ ಆಗ್ತದೆ ಟೀಚರೇ. ಒಂದು ಪಾತ್ರವನ್ನೇ ಬೇಕಾದರೂ ಬಿಡುವ. ಪ್ರಶ್ನೆ ಬಿಟ್ಟು ಉತ್ತರ ಮಾತ್ರ ಇಟ್ಟರೆ ಕೂತವರಿಗೆ ಎಂತದೂ ಆಗುವುದಿಲ್ಲ."

ಮನೆಗೆ ಬಂದು ಕೋರ್ಟಿನ ದೃಶ್ಯ ತೆರೆದೆ. ಆಂಟೋನಿಯೊನನ್ನು ಉಳಿಸಲು ಗಂಡು ವಕೀಲನ ವೇಷದಲ್ಲಿ ಬಂದ ಪೋರ್ಶಿಯಾ ಕರುಣೆಯ ಬಗ್ಗೆ ಹೇಳುವ ಮಾತು ಲೋಕಪ್ರಸಿದ್ಧ. ‘ದ ಕ್ವಾಲಿಟಿ ಆಫ್ ಮರ್ಸಿ ಈಸ್ ನಾಟ್ ಸ್ಟ್ರೇನ್ಡ್.’ ನಾನು ಎರಡೂ ಸಲ ಅದನ್ನು ಜೋಪಾನವಾಗಿ ಉಳಿಸಿಕೊಂಡಿದ್ದೆ. ತರಗತಿಯಲ್ಲಿ ಒಬ್ಬ ಹುಡುಗ, "ಸ್ಟ್ರೇನ್ ಅಂದರೆ ಸೋಸುವುದಲ್ವಾ ಟೀಚರ್? ಚಹಾದ ಹಾಗೆ?" ಎಂದಿದ್ದ. ಇಲ್ಲಿ ಅದು ಬಲವಂತ ಎಂಬ ಅರ್ಥ ಎಂದು ಹೇಳಿ ಮುಂದೆ ಹೋಗಿದ್ದೆ. ಈಗ ಮೂಲದಲ್ಲಿ ಅದರ ಹಿಂದಿನ ಸಾಲುಗಳನ್ನು ನೋಡಿದೆ. ಶೈಲಾಕ್ ಕರುಣೆ ತೋರಲೇಬೇಕು ಎಂದು ಪೋರ್ಶಿಯಾ ಹೇಳುತ್ತಾಳೆ. ಅವನು ಕೇಳುತ್ತಾನೆ, ‘ಆನ್ ವಾಟ್ ಕಂಪಲ್ಶನ್ ಮಸ್ಟ್ ಐ? ಟೆಲ್ ಮಿ ದಟ್.’ ಯಾವ ಬಲವಂತಕ್ಕೆ ನಾನು ತೋರಬೇಕು, ಹೇಳಿ. ಅದಕ್ಕೆ ಉತ್ತರವಾಗಿ ಬಂದದ್ದು ಆ ಮಾತು. ಬಲವಂತ ಇಲ್ಲ, ಕರುಣೆ ಬಲವಂತದಿಂದ ಬರುವುದಲ್ಲ, ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯ ಹಾಗೆ ತಾನಾಗಿ ಬೀಳುತ್ತದೆ.

ಆ ಪ್ರಶ್ನೆಯನ್ನು ನಾನೇ ಕತ್ತರಿಸಿದ್ದೆ! ಉಪದೇಶ ಉಳಿಯಲಿ, ಉದ್ದ ಕಡಿಮೆಯಾಗಲಿ ಎಂದು. ಆ ಒಂದು ಸಾಲನ್ನು ವಾಪಸು ಇಟ್ಟೆ. ಮರುದಿನ ಓದಿಸಿದಾಗ ‘ಸ್ಟ್ರೇನ್ಡ್’ ಪದದ ಅರ್ಥವನ್ನು ನಾನು ಹೇಳಬೇಕಾಗಲಿಲ್ಲ. ಚಹಾ ಸೋಸಿದ ಹುಡುಗನೇ ಕಂಡುಕೊಂಡ.

ಮೂರನೇ ಸಲ ಬರೆಯುವಾಗ ಕ್ರಮವನ್ನೇ ಬದಲಿಸಿದೆ. ಮೊದಲು ನಾಟಕದಲ್ಲಿರುವ ಪ್ರಶ್ನೆಗಳನ್ನೆಲ್ಲ ಬೇರೆ ಮಾಡಿ ಬರೆದುಕೊಂಡೆ. ಆಮೇಲೆ ಪ್ರತಿ ಪ್ರಶ್ನೆಗೆ ಎಲ್ಲಿ ಉತ್ತರ ಇದೆ ನೋಡಿದೆ. ಈ ಜೋಡಿಗಳನ್ನು ಮುಟ್ಟಬಾರದು. ಉಳಿದದ್ದರಲ್ಲಿ ಕತ್ತರಿ ಆಡಿಸಬಹುದು. ದೃಶ್ಯ ದೃಶ್ಯಗಳ ನಡುವೆ ಕಥೆ ಸಾಗಿಸಲು ಒಬ್ಬ ಭಾಗವತ, ಸುಲಭ ಇಂಗ್ಲಿಷ್‌ನಲ್ಲಿ ನಾಲ್ಕೈದು ಸಾಲು.

ಹೀಗೆ ಹೋದಾಗ ನನಗೆ ಆಶ್ಚರ್ಯವಾದದ್ದು ಮೂಲದಲ್ಲೇ ಎಷ್ಟೊಂದು ಸುಲಭ ಇಂಗ್ಲಿಷ್ ಇದೆ ಎನ್ನುವುದು. ಶೈಲಾಕ್‌ನ ಅತಿ ದೊಡ್ಡ ಮಾತು, ಯಹೂದಿಗೆ ಕಣ್ಣಿಲ್ಲವೇ ಎಂದು ಕೇಳುವ ಮಾತು, ಪದ್ಯವೇ ಅಲ್ಲ, ಗದ್ಯ. ‘ಇಫ್ ಯೂ ಪ್ರಿಕ್ ಅಸ್, ಡೂ ವಿ ನಾಟ್ ಬ್ಲೀಡ್? ಇಫ್ ಯೂ ಟಿಕಲ್ ಅಸ್, ಡೂ ವಿ ನಾಟ್ ಲಾಫ್?’ ಚುಚ್ಚಿದರೆ ರಕ್ತ ಬರುವುದಿಲ್ಲವೇ, ಕಚಗುಳಿ ಇಟ್ಟರೆ ನಗು ಬರುವುದಿಲ್ಲವೇ? ಇದರಲ್ಲಿ ಸರಳ ಮಾಡುವುದಕ್ಕೆ ಏನಿದೆ? ಹಡಗುಗಳ ಬಗ್ಗೆ ಅವನು ಹೇಳುವುದೂ ಹಾಗೆಯೇ. ‘ಶಿಪ್ಸ್ ಆರ್ ಬಟ್ ಬೋರ್ಡ್ಸ್, ಸೈಲರ್ಸ್ ಬಟ್ ಮೆನ್.’ ಹಡಗು ಎಂದರೆ ಬರೇ ಹಲಗೆ, ನಾವಿಕರು ಎಂದರೆ ಬರೇ ಮನುಷ್ಯರು. ಇದನ್ನು ಓದಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೇಳಿದ, ಈ ಮಾತನ್ನು ಅವನ ಅಜ್ಜ ತುಳುವಿನಲ್ಲಿ ಹೇಳುತ್ತಾರಂತೆ. ನೀರಿನ ಭಯ, ಗಾಳಿಯ ಭಯ, ಬಂಡೆಯ ಭಯ ಎಂದು ಶೈಲಾಕ್ ಲೆಕ್ಕ ಹಾಕುತ್ತಾನಲ್ಲ, ಅದನ್ನು ಈ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಮೂರು ತಿಂಗಳ ಗಡುವು, ಹಡಗು ಬಂದಿಲ್ಲ, ಸಾಲ ಕಟ್ಟಬೇಕು. ಮಲ್ಪೆಯ ಮಗುವಿಗೆ ಇದು ವೆನಿಸ್‌ನ ಕಥೆಯೇ ಅಲ್ಲ.

ಸಾಲದ ಮೊತ್ತ 3,000 ಡ್ಯೂಕಟ್. ಡ್ಯೂಕಟ್ ಎಂದರೆ ಸುಮಾರು ಮೂರೂವರೆ ಗ್ರಾಂ ತೂಕದ ಚಿನ್ನದ ನಾಣ್ಯ. ಮಕ್ಕಳು ಬೋರ್ಡಿನಲ್ಲಿ ಗುಣಿಸಿದರು. ಹತ್ತೂವರೆ ಕಿಲೋ ಚಿನ್ನ. ಒಂದು ಕಡೆ ಹತ್ತೂವರೆ ಕಿಲೋ ಚಿನ್ನ, ಇನ್ನೊಂದು ಕಡೆ ಅರ್ಧ ಕಿಲೋಗಿಂತ ಕಡಿಮೆ ಮಾಂಸ. "ಹಾಗಾದರೆ ಅವನಿಗೆ ಬೇಕಾದದ್ದು ದುಡ್ಡಲ್ಲ" ಎಂದಳು ಮೊದಲು ಪ್ರಶ್ನೆ ತಂದ ಹುಡುಗಿ. ಮತ್ತೆ ಯಾವುದು ಬೇಕಿತ್ತು? ಅದಕ್ಕೆ ಮೊದಲ ಅಂಕಕ್ಕೇ ಹೋಗಬೇಕು.

ಅಲ್ಲಿ ಶೈಲಾಕ್ ಆಂಟೋನಿಯೊಗೆ ಹೇಳುತ್ತಾನೆ, ನೀವು ನನ್ನನ್ನು ನಾಯಿ ಎಂದು ಕರೆದಿರಿ, ನನ್ನ ಬಟ್ಟೆಯ ಮೇಲೆ ಉಗುಳಿದಿರಿ, ಈಗ ನಾಯಿಯ ಹತ್ತಿರ ದುಡ್ಡು ಕೇಳುತ್ತಿದ್ದೀರಿ, ‘ಹ್ಯಾತ್ ಎ ಡಾಗ್ ಮನಿ?’ ನಾಯಿಯ ಹತ್ತಿರ ದುಡ್ಡಿರುತ್ತದೆಯೇ? ಆಂಟೋನಿಯೊ ತಿರುಗಿ ಹೇಳುತ್ತಾನೆ, ಮುಂದೆಯೂ ಹಾಗೆಯೇ ಕರೆಯುತ್ತೇನೆ, ಮುಂದೆಯೂ ಉಗುಳುತ್ತೇನೆ. ಈ ದೃಶ್ಯ ಎರಡನೇ ಕರಡಿನಲ್ಲೂ ಇತ್ತು. ಆದರೂ ಸಪ್ಪೆಯಾಗಿತ್ತು. ಯಾಕೆ ಎಂದು ತುಂಬಾ ದಿನ ತಲೆ ಕೆಡಿಸಿಕೊಂಡೆ. ಮೂಲವನ್ನು ಜೋರಾಗಿ ಓದಿದಾಗ ಕಿವಿಗೆ ಬಿತ್ತು. ಶೈಲಾಕ್ ಆ ಮಾತಿನುದ್ದಕ್ಕೂ ‘ಯೂ’ ಎನ್ನುತ್ತಾನೆ. ಆಂಟೋನಿಯೊ ‘ದೀ’ ಎನ್ನುತ್ತಾನೆ.

ಆಗಿನ ಇಂಗ್ಲಿಷ್‌ನಲ್ಲಿ ‘ದೌ’, ‘ದೀ’ ಎಂದರೆ ಏಕವಚನ. ತೀರಾ ಹತ್ತಿರದವರಿಗೆ, ಅಥವಾ ಕೀಳಾಗಿ ಕಂಡವರಿಗೆ. ‘ಯೂ’ ಗೌರವದ ಮಾತು. ಈಗಿನ ಇಂಗ್ಲಿಷ್ ಈ ಭೇದವನ್ನು ಕಳೆದುಕೊಂಡಿದೆ. ಹಾಗಾಗಿ ಸರಳ ಮಾಡುವವರೆಲ್ಲ ಮೊದಲು ಮಾಡುವ ಕೆಲಸ ‘ದೌ’ ತೆಗೆದು ‘ಯೂ’ ಹಾಕುವುದು. ನಾನೂ ಅದನ್ನೇ ಮಾಡಿದ್ದೆ. ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗೆ ಅದು ಸರಿಯೇ ಇರಬಹುದು, ಹಳೆಯ ಪದದ ತೊಡಕು ಯಾಕೆ ಅಂತ. ಆದರೆ ನಮ್ಮ ಮಕ್ಕಳಿಗೆ? ಕನ್ನಡದಲ್ಲಿ ನೀನು, ನೀವು. ತುಳುವಿನಲ್ಲಿ ಈ, ಈರ್. ಸಾಲ ಕೊಡುವ ಮುದುಕ ‘ಈರ್’ ಎನ್ನುತ್ತಿದ್ದಾನೆ, ಸಾಲ ಕೇಳಲು ಬಂದವನು ‘ಈ’ ಎನ್ನುತ್ತಿದ್ದಾನೆ ಎಂದು ಹೇಳಿದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಯಾರೋ ಒಬ್ಬ, "ಛೇ" ಎಂದ. ನಾಯಿ ಎಂದದ್ದಕ್ಕೆ, ಉಗುಳಿದ್ದಕ್ಕೆ ಬಾರದ ‘ಛೇ’ ಅದಕ್ಕೆ ಬಂತು.

ಅಂದಿನಿಂದ ನನ್ನ ನಿಯಮ ಬದಲಾಯಿತು. ‘ಹ್ಯಾತ್’, ‘ಡತ್’ ಮುಂತಾದವನ್ನು ಹೆಚ್ಚಿನ ಕಡೆ ತೆಗೆದೆ, ಅವು ಬರೇ ಹಳೆಯ ಬಟ್ಟೆ. ‘ದೌ’, ‘ದೀ’ ಮಾತ್ರ ಸಂಬಂಧ ಹೇಳುವ ಕಡೆಯೆಲ್ಲ ಉಳಿಸಿದೆ. ಮೂಲದ ಬಳಕೆ ಎಲ್ಲ ಕಡೆ ಇಷ್ಟು ಅಚ್ಚುಕಟ್ಟಾಗಿಲ್ಲ. ಪೋರ್ಶಿಯಾ ಕೋರ್ಟಿಗೆ ಬಂದಾಗ ಶೈಲಾಕ್‌ಗೆ ‘ಯೂ’ ಎಂದೇ ಶುರು ಮಾಡುತ್ತಾಳೆ, ನಡುವೆ ‘ದೌ’ಗೆ ಹೋಗುತ್ತಾಳೆ. ಅದನ್ನೂ ಹಾಗೆಯೇ ಬಿಟ್ಟೆ. ಯಾಕೆ ಬದಲಾದಳು ಎಂದು ಮಕ್ಕಳೇ ಯೋಚಿಸಲಿ.

ಯಹೂದಿ ಎಂದರೆ ಯಾರು ಎನ್ನುವುದು ಇನ್ನೊಂದು ದೊಡ್ಡ ಕೆಲಸ. ಮಕ್ಕಳಿಗೆ ಅದು ಬರೇ ಒಂದು ಪದ. ಅವರ ಕಣ್ಣಲ್ಲಿ ಅದು ಬೈಗುಳ ಆಗಿಬಿಟ್ಟರೆ ನಾನು ಮಾಡಿದ್ದು ಅಪರಾಧವೇ ಸರಿ. ಒಂದು ಪುಟ ಬೇರೆಯೇ ಬರೆದೆ. ವೆನಿಸ್ ನಗರ 1516ರಲ್ಲಿ ಯಹೂದಿಗಳನ್ನು ಒಂದು ಕೇರಿಯಲ್ಲಿ ಮಾತ್ರ ಇರಬೇಕೆಂದು ಕಟ್ಟು ಮಾಡಿತು. ರಾತ್ರಿ ಅದರ ಬಾಗಿಲು ಹಾಕುತ್ತಿದ್ದರು. ಹೊರಗೆ ಬಂದರೆ ಗುರುತಿನ ಟೋಪಿ ಹಾಕಬೇಕು. ಮಾಡಬಹುದಾದ ಕೆಲಸಗಳೇ ಕೆಲವು, ಅದರಲ್ಲಿ ಬಡ್ಡಿಗೆ ಸಾಲ ಕೊಡುವುದು ಒಂದು. ಇಂಗ್ಲೆಂಡ್ ಅಂತೂ 1290ರಲ್ಲೇ ಅವರನ್ನು ದೇಶದಿಂದ ಹೊರಗೆ ಹಾಕಿತ್ತು. ಈ ನಾಟಕ ಅಚ್ಚಾದದ್ದು 1600ರಲ್ಲಿ. ಅಂದರೆ ಅದನ್ನು ಮೊದಲು ನೋಡಿದ ಹೆಚ್ಚಿನವರು ತಮ್ಮ ಪಕ್ಕದ ಮನೆಯಲ್ಲಿ ಯಹೂದಿಯನ್ನು ಕಂಡವರಲ್ಲ.

ಹಾಗೆಂದು ದೂರದ ಕಥೆಯಾಗಿಯೇ ಬಿಡಲು ಮನಸ್ಸಾಗಲಿಲ್ಲ. ನಮ್ಮ ಮಂಗಳೂರಿನಲ್ಲೇ ಒಬ್ಬ ಯಹೂದಿ ವ್ಯಾಪಾರಿ ಇದ್ದ, 12ನೇ ಶತಮಾನದಲ್ಲಿ. ಹೆಸರು ಅಬ್ರಹಾಂ ಬೆನ್ ಯಿಜು. ಸುಮಾರು 1132ರಿಂದ 1149ರವರೆಗೆ ಇಲ್ಲಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ಇಟ್ಟಿದ್ದ, ಏಡನ್‌ಗೆ ಮೆಣಸು, ಅಡಿಕೆ ಕಳಿಸುತ್ತಿದ್ದ. ಇಲ್ಲಿಯ ಅಶು ಎಂಬ ಹೆಂಗಸಿನ ಜೊತೆ ಸಂಸಾರ ಮಾಡಿದ. ಅವನ ಕಾಗದಪತ್ರಗಳು ಈಜಿಪ್ಟಿನ ಕೈರೋದ ಒಂದು ಹಳೆಯ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ನೂರಾರು ವರ್ಷ ಬಿದ್ದಿದ್ದು ಆಮೇಲೆ ಹೊರಗೆ ಬಂದವು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಕೆಲಸದವನ ಹೆಸರು ಬೊಮ್ಮ. ಬೊಮ್ಮ ಎಂದ ಕೂಡಲೇ ತರಗತಿಯಲ್ಲಿ ಮುಖಗಳೆಲ್ಲ ಅರಳಿದವು. ಅವರಿಗೆ ಗೊತ್ತಿರುವ ಹೆಸರು ಅದು. ನಮ್ಮ ಊರಿನ ಬೊಮ್ಮ ಒಬ್ಬ ಯಹೂದಿ ಸಾಹುಕಾರನ ಪರವಾಗಿ ಕಡಲು ದಾಟಿ ಏಡನ್‌ಗೆ ಹೋಗಿ ಬರುತ್ತಿದ್ದ. ಆಮೇಲೆ ಅವರು ಯಹೂದಿ ಎಂಬ ಪದವನ್ನು ಓದುವ ಧ್ವನಿಯೇ ಬೇರೆಯಾಯಿತು.

ಕತ್ತರಿಸಿದ್ದು ಯಾವುದು? ಹಾಸ್ಯಗಾರ ಲಾನ್ಸ್‌ಲಾಟ್‌ನ ಪದಗಳ ಆಟ ಪೂರ್ತಿ ಹೋಯಿತು. ಒಂದು ನಗೆಗೆ ಹತ್ತು ಸಾಲು ಟಿಪ್ಪಣಿ ಬರೆಯಬೇಕಾದರೆ ಆ ನಗೆ ಅಲ್ಲಿಗೇ ಸತ್ತಿತು. ವೆನಿಸ್‌ನ ಗೆಳೆಯರ ಹರಟೆ ಹೋಯಿತು. ಕೊನೆಯ ಅಂಕದ ಬೆಳದಿಂಗಳ ಮಾತುಗಳನ್ನು ತೆಗೆಯುವಾಗ ಮಾತ್ರ ಬೇಸರವಾಯಿತು, ಅಷ್ಟು ಚಂದ. ಆದರೆ ಅದರ ತುಂಬಾ ಗ್ರೀಕ್ ಪುರಾಣದ ಹೆಸರುಗಳು.

ಮೂರು ಪೆಟ್ಟಿಗೆಗಳನ್ನು ಬಿಡಲಿಲ್ಲ. ಸರಿಯಾದ ಪೆಟ್ಟಿಗೆ ಆರಿಸಿದವನಿಗೇ ಪೋರ್ಶಿಯಾ ಎಂದು ಅವಳ ಅಪ್ಪ ಇಟ್ಟು ಹೋದವು ಅವು. ಲ್ಯಾಂಬ್ ಅವರ ಕಥೆಯಲ್ಲಿ ಅವು ಇಲ್ಲ. ನನ್ನ ಮಕ್ಕಳಿಗೆ ಅವೇ ಇಷ್ಟ. ಚಿನ್ನ, ಬೆಳ್ಳಿ, ಸೀಸ. ಚಿನ್ನದ್ದರಲ್ಲಿ ತಲೆಬುರುಡೆ, ಬೆಳ್ಳಿಯದ್ದರಲ್ಲಿ ಮೂರ್ಖನ ಚಿತ್ರ, ಸೀಸದ್ದರಲ್ಲಿ ಪೋರ್ಶಿಯಾಳ ಚಿತ್ರ. ಮೂರು ರಟ್ಟಿನ ಪೆಟ್ಟಿಗೆ ಮಾಡಿ ಮುಚ್ಚಳದ ಮೇಲೆ ನೀವೇ ಒಂದೊಂದು ಇಂಗ್ಲಿಷ್ ವಾಕ್ಯ ಬರೆಯಿರಿ ಎಂದೆ. ಆ ಒಂದು ವಾರದಲ್ಲಿ ಅವರು ಬರೆದಷ್ಟು ಇಂಗ್ಲಿಷನ್ನು ಇಡೀ ವರ್ಷದಲ್ಲಿ ಬರೆದಿರಲಿಲ್ಲ. ಮೊರಾಕೋದ ರಾಜಕುಮಾರ ಬಂದು ಹೇಳುವ ಮೊದಲ ಮಾತು, ನನ್ನ ಬಣ್ಣ ನೋಡಿ ನನ್ನನ್ನು ಬೇಡ ಅನ್ನಬೇಡ ಎಂದು. ಅವನು ಸೋತು ಹೋದ ಮೇಲೆ ಪೋರ್ಶಿಯಾ ಆ ಬಣ್ಣದವರೆಲ್ಲ ಹೀಗೇ ಸೋಲಲಿ ಎನ್ನುವ ಅರ್ಥದ ಮಾತಾಡುತ್ತಾಳೆ. ಸರಳ ಪುಸ್ತಕಗಳಲ್ಲಿ ಈ ಎರಡನೆಯ ಮಾತು ಸಿಗುವುದು ಕಷ್ಟ. ನಾನು ಎರಡನ್ನೂ ಇಟ್ಟೆ. ಜಾಣೆಯಾದ, ಎಲ್ಲರೂ ಮೆಚ್ಚುವ ಹುಡುಗಿಯೂ ಹೀಗೆ ಹೇಳುತ್ತಾಳೆ ಎನ್ನುವುದು ಮಕ್ಕಳಿಗೆ ಗೊತ್ತಾಗಲಿ. ಆ ದಿನ ಬಣ್ಣದ ಬಗ್ಗೆ ಹುಡುಗಿಯರು ಮಾತಾಡಿದ್ದು ನನ್ನಲ್ಲೇ ಇರಲಿ.

ಕಷ್ಟವಾದದ್ದು ಕೊನೆ. ಕೋರ್ಟಿನಲ್ಲಿ ಶೈಲಾಕ್ ಸೋಲುತ್ತಾನೆ. ಬಾಂಡಿನಲ್ಲಿ ಮಾಂಸ ಎಂದಿದೆ, ರಕ್ತ ಎಂದಿಲ್ಲ. ಒಂದು ಹನಿ ರಕ್ತ ಬಿದ್ದರೂ ಅವನ ಆಸ್ತಿ ಹೋಗುತ್ತದೆ. ಇಲ್ಲಿಯವರೆಗೆ ಮಕ್ಕಳಿಗೆ ಖುಷಿ, ಒಗಟು ಬಿಡಿಸಿದ ಹಾಗೆ. ಆಮೇಲೆ ಅವನು ತನ್ನ ಮತ ಬಿಟ್ಟು ಕ್ರಿಶ್ಚಿಯನ್ ಆಗಬೇಕು ಎಂಬ ಷರತ್ತು ಬರುತ್ತದೆ. ಮೊದಲ ಎರಡು ಕರಡಿನಲ್ಲಿ ನಾನು ಇದನ್ನು ಬಿಟ್ಟಿದ್ದೆ. ಶೈಲಾಕ್ ಬೇಸರದಿಂದ ಮನೆಗೆ ಹೋದ ಎಂದು ಬರೆದಿದ್ದೆ. ಮೂರನೆಯದರಲ್ಲಿ ಸೇರಿಸಿದಾಗ ಸಹೋದ್ಯೋಗಿಯೊಬ್ಬರು, "ಇದು ಬೇಡ ಮೇಡಂ, ಸುಮ್ನೆ ಯಾಕೆ?" ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಮ್ಮ ತರಗತಿಯಲ್ಲಿ ಮೂರೂ ಮತದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎರಡು ದಿನ ಯೋಚಿಸಿದೆ. ಆ ಷರತ್ತು ಇಲ್ಲದಿದ್ದರೆ ಪೋರ್ಶಿಯಾ ಹೇಳಿದ ಕರುಣೆಯ ಮಾತಿಗೂ ಆಮೇಲೆ ನಡೆದದ್ದಕ್ಕೂ ಇರುವ ದೂರ ಕಾಣುವುದೇ ಇಲ್ಲ. ಕರುಣೆ ಬಲವಂತದಿಂದ ಬರುವುದಲ್ಲ ಎಂದವರ ಎದುರಿಗೇ ಬಲವಂತ ನಡೆಯಿತು. ಮಕ್ಕಳು ಅದನ್ನು ನೋಡಬೇಕು. ಇಟ್ಟೆ.

ಕೊನೆಗೆ ಉಳಿದದ್ದು ಹನ್ನೊಂದು ದೃಶ್ಯ, ಸುಮಾರು ಐದು ಸಾವಿರ ಪದ. ವಸ್ತುಗಳ ಹೆಸರಿಗೆ ಪುಟದ ಕೆಳಗೆ ಕನ್ನಡ ಅರ್ಥ ಕೊಟ್ಟೆ. ಭಾವದ ಪದಗಳಿಗೆ ಅರ್ಥ ಕೊಡಲಿಲ್ಲ, ಮಾಡಿ ನೋಡಿ ಎಂದೆ. ಇಷ್ಟು ವರ್ಷ ಎಲ್ಲವನ್ನೂ ತಾಳ್ಮೆಯಿಂದ ಭುಜ ಕುಣಿಸಿ ಸಹಿಸಿದೆ ಎಂದು ಶೈಲಾಕ್ ಹೇಳುವಲ್ಲಿ ‘ಪೇಶಂಟ್ ಶ್ರಗ್’ ಎಂದಿದೆ. ಪೇಶಂಟ್ ಎಂದರೆ ಮಣಿಪಾಲದ ಆಸ್ಪತ್ರೆಗೆ ಹೋಗುವವರು ಎಂದೇ ಎಲ್ಲರೂ ತಿಳಿದದ್ದು. ಹತ್ತು ಜನ ಹತ್ತು ರೀತಿ ಭುಜ ಎತ್ತಿ ತೋರಿಸಿದರು. ಕೊನೆಗೆ ಒಬ್ಬ ಭುಜ ಎತ್ತದೆ ಎರಡೂ ಅಂಗೈ ಮೇಲೆ ಮಾಡಿ ತಲೆ ತಗ್ಗಿಸಿದ. ಅವನ ಮನೆಯಲ್ಲಿ ಯಾರೋ ಹಾಗೆ ಮಾಡುವುದನ್ನು ಅವನು ನೋಡಿರಬೇಕು. ಅದೇ ಸರಿ ಎಂದು ಎಲ್ಲರೂ ಒಪ್ಪಿದರು.

ಫೆಬ್ರವರಿಯಲ್ಲಿ ಶಾಲೆಯ ಸಭಾಂಗಣದಲ್ಲಿ ಓದಿದೆವು. ವೇಷ ಇಲ್ಲ, ಪರದೆ ಇಲ್ಲ. ತಾಳಮದ್ದಳೆಯ ಹಾಗೆ ಎರಡು ಸಾಲಿನಲ್ಲಿ ಎದುರು ಬದುರು ಕೂತು, ಕೈಯಲ್ಲಿ ಜೆರಾಕ್ಸ್ ಪ್ರತಿ. ನನ್ನ ಹುಡುಗಿ ಭಾಗವತಳಾದಳು. ಪೋರ್ಶಿಯಾ, "ಈಸ್ ಯುವರ್ ನೇಮ್ ಶೈಲಾಕ್?" ಎಂದು ಕೇಳಿದಳು. "ಶೈಲಾಕ್ ಈಸ್ ಮೈ ನೇಮ್." ಒಂದನೇ ತರಗತಿಯ ಇಂಗ್ಲಿಷ್ ಅದು. ಆ ಹುಡುಗ ಅದನ್ನು ಹೇಳಿದ ರೀತಿಗೆ ಸಭಾಂಗಣ ನಿಶ್ಶಬ್ದವಾಯಿತು. ಕೊನೆಯಲ್ಲಿ ಅವನು ನನಗೆ ಹುಷಾರಿಲ್ಲ ಎನ್ನುವ ಸಾಲು ಓದಿ, ಪ್ರತಿ ಮಡಚಿಟ್ಟು, ಎದ್ದು ಹೋದ. ನಾವು ಹಾಗೆ ತೀರ್ಮಾನಿಸಿರಲಿಲ್ಲ. ಐದನೇ ಅಂಕದ ಉಂಗುರದ ತಮಾಷೆಗೆ ಆ ದಿನ ಯಾರೂ ನಗಲಿಲ್ಲ. ಆ ಅಂಕವನ್ನು ಹೇಗೆ ಇಡಬೇಕು ಎಂದು ಈಗಲೂ ತಿದ್ದುತ್ತಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಪ್ರತಿಗಳನ್ನೆಲ್ಲ ವಾಪಸು ತೆಗೆದುಕೊಂಡೆ, ಮುಂದಿನ ತರಗತಿಗೆ ಬೇಕಲ್ಲ. ಒಂದೊಂದನ್ನೇ ಬಿಡಿಸಿ ನೋಡಿದೆ. ಹೆಚ್ಚಿನವುಗಳಲ್ಲಿ ಪೆನ್ಸಿಲ್ ಗುರುತು. ಒಂದರಲ್ಲಿ ಇಡೀ ನಾಟಕದ ಅಂಚಿನಲ್ಲಿ ಈ, ಈರ್, ಈ, ಈರ್ ಎಂದು ಬರೆದಿತ್ತು. ಕೋರ್ಟಿನ ಕೊನೆಯಲ್ಲಿ ಪೋರ್ಶಿಯಾ ಕೇಳುತ್ತಾಳೆ, ‘ಆರ್ಟ್ ದೌ ಕಂಟೆಂಟೆಡ್, ಜ್ಯೂ?’ ನೀನು ಒಪ್ಪಿದೆಯಾ? ಅದರ ಪಕ್ಕ ‘ಈ’. ಶೈಲಾಕ್ ಹೇಳುತ್ತಾನೆ, ‘ಐ ಪ್ರೇ ಯೂ, ಗಿವ್ ಮಿ ಲೀವ್ ಟು ಗೋ.’ ನನಗೆ ಹೋಗಲು ಅಪ್ಪಣೆ ಕೊಡಿ. ಅದರ ಪಕ್ಕ ಮೊದಲು ‘ಈರ್’ ಎಂದು ಬರೆದಿದೆ. ಅದನ್ನು ಹೊಡೆದು ಹಾಕಿ ‘ನಿಕುಲು’ ಎಂದು ಬರೆದಿದೆ. ನೀವೆಲ್ಲರೂ ಎಂದು. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಪ್ರತಿಯ ಮೇಲೆ ಹೆಸರು ಬರೆದಿರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೊದಲು ಈ ಪುಟವನ್ನೇ ಹಿಡಿದುಕೊಂಡು ತರಗತಿಗೆ ಹೋಗುತ್ತೇನೆ.